ಮಗನ ವಾಟ್ಸಾಪ್ ಗ್ರೂಪಿನಲ್ಲಿ ಸಹಪಾಠಿಯ ತಿರುಚಿದ ಫೋಟೊ ಬಂದಿದೆ, ಅವನ ಹತ್ತಿರ ಹೇಗೆ ಮಾತಾಡಲಿ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಮಗ ಒಂಬತ್ತನೇ ಕ್ಲಾಸು. ಕ್ಲಾಸಿನ ಹುಡುಗಿಯೊಬ್ಬಳ ಮುಖ ಅಂಟಿಸಿದ ಬೆತ್ತಲೆ ಫೋಟೊ ಗ್ರೂಪಿಗೆ ಬಂದಿದೆ. ಹಾಕಿದವನು ಬೇರೆ, ಆದರೆ ಕೆಳಗಿನ ನಗುವ ಎಮೋಜಿಗಳಲ್ಲಿ ನಿಮ್ಮ ಮಗನದ್ದೂ ಒಂದಿದೆ. ಫೋನ್ ಕಿತ್ತಿಟ್ಟುಕೊಳ್ಳಲೇ ಎಂದು ಕೇಳಿದ್ದೀರಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದಯವಿಟ್ಟು ಕಿತ್ತುಕೊಳ್ಳಬೇಡಿ. ಮುಂದಿನ ಸಲ ಅಮ್ಮನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳಬೇಕು ಅನ್ನುವುದನ್ನಷ್ಟೇ ಅವನು ಕಲಿಯುತ್ತಾನೆ.

ಮೊದಲು ಆ ಹುಡುಗಿಯ ವಿಚಾರ. ಸಾಕ್ಷಿಗೆಂದು ಕೂಡ ಫೋಟೊವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಗ್ರೂಪಿನ ಹೆಸರು, ಕಳಿಸಿದ ನಂಬರ್, ಸಮಯ ಬರೆದಿಟ್ಟುಕೊಂಡು ಇವತ್ತೇ ಹೆಡ್‌ಮಾಸ್ಟರಿಗೂ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ. "ಮುಖ ಅಂಟಿಸಿದ್ದು ತಾನೇ, ನಿಜವಾದದ್ದಲ್ಲವಲ್ಲ" ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಮಕ್ಕಳನ್ನು ಹೀಗೆ ತೋರಿಸುವ ತಿರುಚಿದ ಚಿತ್ರವೂ ಅಪರಾಧದ ವ್ಯಾಪ್ತಿಗೆ ಬರುತ್ತದೆ.

ಇನ್ನು ಮಗ. ನಮ್ಮಲ್ಲೂ ಇಂಥದ್ದೇ ನಡೆದಾಗ ಒಬ್ಬ ಹುಡುಗನನ್ನು ಲ್ಯಾಬಿಗೆ ಕರೆದು ಕೂರಿಸಿದ್ದೆ. ಬೆಂಚಿನ ಮೊಳೆಯನ್ನು ಬೆರಳಲ್ಲಿ ಉಜ್ಜುತ್ತಾ "ಎಲ್ರೂ ಹಾಕಿದ್ರು ಮಿಸ್, ನಾನೂ ಹಾಕ್ದೆ" ಅಂದ. ಬೈಯಲಿಲ್ಲ. ಫೋಟೊ ಕಂಡ ಕ್ಷಣ ಏನನ್ನಿಸ್ತು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಕೈ ಬೆವರ್ತು" ಅಂದ. ಅವನಿಗೆ ತಪ್ಪು ಗೊತ್ತಿತ್ತು. ಗ್ರೂಪಿನಲ್ಲಿ ಅದನ್ನು ಹೇಳಲು ಮಾತಿರಲಿಲ್ಲ, ಅಷ್ಟೇ. ಇಬ್ಬರೂ ಕೂತು ಒಂದು ಸಾಲು ಮಾಡಿದೆವು: "ಲೋ, ತೆಗಿಯೋ ಇದನ್ನ. ಅವಳು ನಾಳೆ ಸ್ಕೂಲಿಗೆ ಹೆಂಗೆ ಬರ್ತಾಳೆ?" ನಿಮ್ಮ ಮಗನಿಗೂ ಅವನದೇ ಭಾಷೆಯಲ್ಲಿ ಅಂಥದ್ದೊಂದು ಸಾಲು ಸಿದ್ಧವಿರಲಿ. ಗ್ರೂಪಿನಲ್ಲಿ ಹಾಕಲು ಧೈರ್ಯ ಸಾಲದಿದ್ದರೆ ಫೋಟೊ ಹಾಕಿದವನೊಬ್ಬನಿಗೇ ಕಳಿಸಲಿ.

ಒಪ್ಪಿಗೆ ಅನ್ನುವುದನ್ನು ಈ ಫೋಟೊದಿಂದಲೇ ವಿವರಿಸಬಹುದು. ಅವಳು ಡಿಪಿ ಇಟ್ಟದ್ದು ಪರಿಚಯದವರು ನೋಡಲಿ ಅಂತ. ಅದರಾಚೆಗೆ ಯಾರಿಗೂ ಏನನ್ನೂ ಒಪ್ಪಿಕೊಟ್ಟಿಲ್ಲ. ನೀವೂ ಅವನ ಫೋಟೊ ಸ್ಟೇಟಸ್‌ಗೆ ಹಾಕುವ ಮುಂಚೆ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಅಶ್ಲೀಲ ವಿಡಿಯೊ ಅವನು ಆಗಲೇ ನೋಡಿರಬಹುದು ಅಂದುಕೊಂಡೇ ಮಾತಾಡಿ. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠವನ್ನೇ ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸುವವರಿದ್ದೇವೆ, ಹಾಗಾಗಿ ಮಕ್ಕಳಿಗೆ ಫೋನೇ ಗುರು. ಆ ವಿಡಿಯೊಗಳಲ್ಲಿ ಇರುವುದು ಕ್ಯಾಮೆರಾ ಮುಂದಿನ ನಟನೆ, ಅಲ್ಲಿ "ನಿನಗೆ ಇಷ್ಟವಾ?" ಎಂದು ಕೇಳುವುದನ್ನು ತೋರಿಸುವುದೇ ಅಪರೂಪ ಎಂದು ನೇರವಾಗಿ ಹೇಳಿ.

ಇನ್ನೊಂದು ಮಾತು, ಗಂಡು ಮಕ್ಕಳಿಗೇ ಬೇಕಾದ್ದು. ಹುಡುಗಿಯ ಹೆಸರಿನ ನಕಲಿ ಖಾತೆಯಿಂದ ವಿಡಿಯೊ ಕಾಲ್ ಮಾಡಿ, ಬಟ್ಟೆ ಬಿಚ್ಚಿಸಿ, ರೆಕಾರ್ಡ್ ಮಾಡಿಕೊಂಡು ದುಡ್ಡು ಕೇಳುವವರಿದ್ದಾರೆ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. "ಹಾಗಾದರೆ ಮೊದಲು ನನ್ನ ಹತ್ತಿರ ಬಾ, ನಾನು ಬೈಯಲ್ಲ" ಎಂದು ಈಗಲೇ ಮಾತು ಕೊಟ್ಟಿರಿ. ಪೋಕ್ಸೋ ಹುಡುಗರಿಗೂ ರಕ್ಷಣೆ ಕೊಡುತ್ತದೆ.

ಕೊನೆಗೆ ಕ್ಷಮೆ. ಅವನನ್ನು ಎಳೆದೊಯ್ದು ಆ ಹುಡುಗಿಯ ಮುಂದೆ ನಿಲ್ಲಿಸಬೇಡಿ. ಮನಸ್ಸಾದರೆ ಪತ್ರ ಬರೆದು ಕ್ಲಾಸ್ ಟೀಚರ್ ಕೈಗೆ ಕೊಡಲಿ. ಓದಬೇಕೋ ಬೇಡವೋ ಅವಳೇ ಹೇಳಲಿ.