ಸಾಲ ತೀರಿಸುವ ಅವಸರ: ಕೊಪ್ಪಳದ ಒಂದು ಆಪ್ತಸಲಹೆ ಪ್ರಕರಣ

(ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಗವಿಮಠದ ಜಾತ್ರೆ ಮುಗಿದು ಒಂದು ವಾರ ಆಗಿರಬೇಕು, ಗಂಡ ಹೆಂಡತಿ ಒಟ್ಟಿಗೆ ಬಂದರು. ಬಂದದ್ದು ಒಟ್ಟಿಗೆ, ಕೂತದ್ದು ನಡುವೆ ಒಂದು ಕುರ್ಚಿ ಬಿಟ್ಟು. ಗಂಡನಿಗೆ 50 ವರ್ಷ, ಗಿಣಿಗೇರಾ ಕಡೆಯ ಕಾರ್ಖಾನೆಯೊಂದರಲ್ಲಿ 22 ವರ್ಷದ ಸರ್ವಿಸ್. ಆಕೆಗೆ 45, ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಒಬ್ಬಳೇ ಮಗಳು, ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಳೆ.

ಮೊದಲು ಮಾತಾಡಿದ್ದು ಆಕೆ. "ಇವ್ರು ಪಿಎಫ್ ರೊಕ್ಕ ತಗದು ಮನಿ ಸಾಲ ತೀರಿಸ್ತೀನಿ ಅಂತಾರ್ರಿ ಮೇಡಂ. ತೀರಿಸಿಬಿಟ್ರ ಮುಪ್ಪಿನ ಕಾಲಕ್ಕ ನಾವೇನು ಉಣ್ಣೋದ್ರಿ?"

ಅವರು ತಲೆ ಎತ್ತದೆ ಹೇಳಿದರು: "ಸಾಲ ಇಟ್ಕೊಂಡು ಮನ್ಯಾಗ ಹೆಂಗ ನಿದ್ದಿ ಮಾಡೋದ್ರಿ? ಇಪ್ಪತ್ತು ಲಕ್ಷ ತಗೊಂಡೆ, ಇಪ್ಪತ್ತೊಂದು ಲಕ್ಷ ಕಟ್ಟೀನಿ, ಇನ್ನೂ ಹದಿನಾಕು ಲಕ್ಷ ಐತಿ ಅಂತಾರ. ಇದು ಎಂದ ತೀರೋದು?"

ಈ ಪ್ರಶ್ನೆ ಬಹಳ ಮಂದಿಯನ್ನು ಸುಡುತ್ತದೆ, ಬ್ಯಾಂಕಿನವರು ಮೋಸ ಮಾಡಿದ್ದಾರೆ ಎಂದೇ ಹಲವರು ನಂಬಿರುತ್ತಾರೆ. ಹಾಗಾಗಿ ಕಾಗದ ಪೆನ್ನು ತೆಗೆದುಕೊಂಡು ಕೂತೆ. 2016ರಲ್ಲಿ ತೆಗೆದ 20 ಲಕ್ಷದ ಸಾಲ, 20 ವರ್ಷದ ಅವಧಿ, ತಿಂಗಳ ಕಂತು 17,358 ರೂಪಾಯಿ. ಬಡ್ಡಿ ದರ ನಡುವೆ ಏರಿಳಿದಿದೆ, ಈಗ ಶೇ 8.5. ಇದೇ ದರದಲ್ಲಿ ಲೆಕ್ಕ ಹಾಕಿದರೂ ಮೊದಲ ತಿಂಗಳ ಕಂತಿನಲ್ಲಿ 14 ಸಾವಿರಕ್ಕೂ ಹೆಚ್ಚು ಬಡ್ಡಿಗೇ ಹೋಗಿ, ಅಸಲಿಗೆ ಸೇರಿದ್ದು ಮೂರು ಸಾವಿರ ಚಿಲ್ಲರೆ. ಈಗ ಅದೇ ಕಂತಿನಲ್ಲಿ ಬಡ್ಡಿ ಸುಮಾರು 9,900, ಅಸಲು ಸುಮಾರು 7,400. ಮೊದಲ ಹತ್ತು ವರ್ಷ ಹೆಚ್ಚಾಗಿ ಬಡ್ಡಿಯನ್ನೇ ಕಟ್ಟಿದ್ದಾರೆ. ಇನ್ನು ಮುಂದೆ ಅಸಲು ತಿಂಗಳು ತಿಂಗಳು ಬೇಗ ಕರಗುತ್ತದೆ.

ಅವರು ಕಾಗದ ನೋಡಿದರು, ಏನೂ ಅನ್ನಲಿಲ್ಲ. ಮೊದಲ ಭೇಟಿಯಲ್ಲಿ ನಾನು ತಪ್ಪಿದ್ದು ಇಲ್ಲೇ. ಲೆಕ್ಕ ತೋರಿಸಿದರೆ ಮನಸ್ಸು ಹಗುರಾದೀತು ಎಂದುಕೊಂಡೆ. ಭಯ ಇದ್ದದ್ದು ಬೇರೆ ಕಡೆ.

ಎರಡನೇ ಭೇಟಿಯಲ್ಲಿ ಕಾಗದ ಬದಿಗಿಟ್ಟು ಕೇಳಿದೆ: "ಸಾಲ ಅಂದ ಕೂಡಲೇ ನಿಮ್ಮ ಕಣ್ಣಿಗೆ ಏನು ಬರುತ್ತದೆ?" ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಪ್ಪನ ವಿಷಯ ಬಂತು. ಊರು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರ ಗದ್ದೆ ತುಂಬಿ ನೀರು ಉಳಿದರೆ ಇವರಿಗೆ. ಎರಡು ವರ್ಷ ಭತ್ತ ಕೈಕೊಟ್ಟಾಗ ಅಪ್ಪ ದಲ್ಲಾಳಿ ಅಂಗಡಿಯಲ್ಲಿ ಸಾಲ ಮಾಡಿ ನಾಲ್ಕು ಎಕರೆ ಒತ್ತಿ ಹಾಕಿದರು. ಬಿಡಿಸಿಕೊಳ್ಳಲು ಆಗಲೇ ಇಲ್ಲ. ಆ ಒತ್ತಿ ಪತ್ರದ ನಕಲು ಇವತ್ತಿಗೂ ಇವರ ಮನೆಯ ಟ್ರಂಕಿನಲ್ಲಿದೆ. "ಮನಿ ಪತ್ರ ಬ್ಯಾಂಕಿನ್ಯಾಗ ಅದಾವ. ನಮ್ಮಪ್ಪಂದೂ ಹಂಗ ಹೋದ್ವು, ತಿರುಗಿ ಬರಲಿಲ್ಲ" ಅಂದರು. ಆಕೆ ಗಂಡನ ಮುಖ ನೋಡುತ್ತ ಕೂತರು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಾತು ಕೇಳಿದ್ದು ಅದೇ ಮೊದಲಂತೆ.

ಆಕೆಯ ನೋವೂ ಸಣ್ಣದಲ್ಲ. ಹಿಂದಿನ ವರ್ಷ ದೀಪಾವಳಿ ಬೋನಸ್ಸಿಗೆ ಸ್ವಲ್ಪ ಉಳಿತಾಯ ಸೇರಿಸಿ 60 ಸಾವಿರ ರೂಪಾಯಿಯನ್ನು ಅವರು ಒಂದೇ ಸಲ ಸಾಲದ ಅಸಲಿಗೆ ಕಟ್ಟಿದರು. ಎರಡು ತಿಂಗಳಿಗೆ ಮಗಳಿಗೆ ಡೆಂಗಿ ಜ್ವರ, ಆಸ್ಪತ್ರೆ ಸೇರಿಸಬೇಕಾಯಿತು. ಕೈಯಲ್ಲಿ ದುಡ್ಡಿಲ್ಲ. ಪರಿಚಯದವರ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 30 ಸಾವಿರ ತಂದರು. "ಮಗಳು ಮಲಗಿದಾಗ, ಮೊನ್ನೆ ಹಾಕಿದ ಅರವತ್ತು ಸಾವಿರ ವಾಪಸ್ ಕೊಡ್ರಿ ಅಂದ್ರ ಬ್ಯಾಂಕಿನವ್ರು ಕೊಡ್ತಾರನ್ರೀ?" ಎಂದು ಆಕೆ ಕೇಳಿದಾಗ ಗಂಡನ ಬಳಿ ಉತ್ತರವಿರಲಿಲ್ಲ.

ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಶೇ 8.5ರ ಸಾಲಕ್ಕೆ ಹೆದರಿ ಶೇ 36ರ ಸಾಲಕ್ಕೆ ಬಿದ್ದಿದ್ದರು. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ರೂಪಾಯಿ ಲೆಕ್ಕದಲ್ಲಿ, ಬ್ಯಾಂಕ್ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ರೂಢಿ. "ಮೂರು" ಸಣ್ಣದಾಗಿ ಕೇಳುತ್ತದೆ, "ಎಂಟೂವರೆ" ದೊಡ್ಡದಾಗಿ ಕೇಳುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಅವರ ಮುಖದಲ್ಲಿ ಏನೋ ಕದಲಿತು.

ಇನ್ನು ಪಿಎಫ್ ವಿಷಯ. ಖಾತೆಯಲ್ಲಿ ಸುಮಾರು 11 ಲಕ್ಷ ಇತ್ತು. ಅದರಲ್ಲಿ 9 ಲಕ್ಷ ತೆಗೆದು ಸಾಲಕ್ಕೆ ಹಾಕಬೇಕೆಂಬುದು ಅವರ ಆಸೆ. ಹಾಕಿದರೆ ಉಳಿದ 5 ಲಕ್ಷ ಈಗಿನ ಕಂತಿನಲ್ಲೇ ಸುಮಾರು 32 ತಿಂಗಳಲ್ಲಿ ತೀರುತ್ತದೆ. ಆಮೇಲೆ 58ಕ್ಕೆ ನಿವೃತ್ತಿಯಾಗುವವರೆಗೆ 64 ತಿಂಗಳು ಕಂತಿನ ಹಣ ಕೈಯಲ್ಲಿ ಉಳಿಯುತ್ತದೆ. ಹಾಕದಿದ್ದರೆ ಆ 9 ಲಕ್ಷ, ಪಿಎಫ್‌ನ ಶೇ 8.25 ದರ ಹೀಗೇ ಇದ್ದರೆ, ಎಂಟು ವರ್ಷಕ್ಕೆ 17 ಲಕ್ಷದ ಹತ್ತಿರ ಬರುತ್ತದೆ. ಆದರೆ ಆಗ ಸಾಲದಲ್ಲಿ 3 ಲಕ್ಷ 80 ಸಾವಿರ ಇನ್ನೂ ಉಳಿದಿರುತ್ತದೆ.

ಎರಡನ್ನೂ ಪ್ರಾಮಾಣಿಕವಾಗಿ ತೂಗಿ ನೋಡಿದೆ. ಬಿಡುವಾದ ಕಂತಿನ 17,358 ರೂಪಾಯಿಯನ್ನು 64 ತಿಂಗಳೂ ತಪ್ಪದೆ ಪಿಎಫ್‌ನಷ್ಟೇ ಬಡ್ಡಿಗೆ ಉಳಿಸಿದರೆ, ಮೊದಲೇ ತೀರಿಸುವುದರಿಂದ ಸುಮಾರು 60 ಸಾವಿರ ಲಾಭ. ಕಾಗದದ ಮೇಲೆ ಅವರ ಮಾತೇ ಗೆದ್ದಿತು. ಆದರೆ ಆ 64ರಲ್ಲಿ ನಾಲ್ಕು ತಿಂಗಳು ಉಳಿಸುವುದು ತಪ್ಪಿದರೂ ಆ ಲಾಭ ಹೋಯಿತು. "ಹೋದ ವರ್ಷ ಬೈಕಿನ ಸಾಲ ಮುಗೀತಲ್ಲ, ಆ ಕಂತಿನ ದುಡ್ಡು ಎಲ್ಲಿಗೆ ಹೋಯಿತು?" ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿಯ ಮಗಳ ಮದುವೆ, ಮನೆಗೆ ಬಣ್ಣ, ಹೀಗೆ ಎಲ್ಲೆಲ್ಲೋ ಹೋಗಿತ್ತು. ಸಂಬಳ ಕೈಗೆ ಬರುವ ಮೊದಲೇ ಪಿಎಫ್ ಕಡಿತವಾಗುತ್ತದೆ. ಕಂತು ಮುಗಿದ ಹಣ ಮನೆಗೆ ಬಂದು, ಮನೆಯಲ್ಲೇ ಖರ್ಚಾಗುತ್ತದೆ.

ಪಿಂಚಣಿ ಬರುತ್ತದಲ್ಲ ಎಂಬ ಧೈರ್ಯವೂ ಅವರಿಗಿತ್ತು. ಈಗಿನ ನಿಯಮದಂತೆ ಇಪಿಎಫ್ ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳ ಎಷ್ಟಿದ್ದರೂ 15 ಸಾವಿರಕ್ಕೆ ಮಿತಿ, 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸರ್ವಿಸ್‌ಗೆ 6,500. ಅದನ್ನು ಸರ್ವಿಸ್‌ನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 30 ವರ್ಷ ದುಡಿದು ನಿವೃತ್ತರಾದರೂ ಇವರ ಕೈಗೆ ಬರುವುದು ತಿಂಗಳಿಗೆ ಐದೂವರೆ ಸಾವಿರದ ಆಸುಪಾಸು. ಇದನ್ನು ಕೇಳಿದ ಮೇಲೆ ಪಿಎಫ್ ತೆಗೆಯುವ ಮಾತನ್ನು ಅವರಾಗಿಯೇ ನಿಲ್ಲಿಸಿದರು.

ಆದರೂ ಆ ಭಯಕ್ಕೊಂದು ದಾರಿ ತೋರಿಸದೆ ಬರೀ ಬೇಡ ಎಂದರೆ ಆಗುವುದಿಲ್ಲ. ಸಾಲ ನಾಳೆಯೇ ತೀರಬೇಕಿಲ್ಲ, ನಿವೃತ್ತಿಯ ದಿನದೊಳಗೆ ತೀರಿದರೆ ಸಾಕು. ಹಾಗಾಗಬೇಕಾದರೆ ಕಂತಿಗೆ ಎಷ್ಟು ಸೇರಿಸಬೇಕು? ತಿಂಗಳಿಗೆ ಸುಮಾರು 2,800 ರೂಪಾಯಿ, ಅಷ್ಟೇ. ಅವರು ನಂಬದೆ ಮೊಬೈಲಿನಲ್ಲಿ ತಾವೇ ಎರಡು ಸಲ ಲೆಕ್ಕ ಹಾಕಿದರು. ಎಂಟು ವರ್ಷಕ್ಕೆ ಸಾಲ ಪೂರ್ತಿ ಮುಗಿಯುತ್ತದೆ, ಪಿಎಫ್ ಮುಟ್ಟಬೇಕಿಲ್ಲ.

ಕೊನೆಗೆ ಒಪ್ಪಿದ್ದು ಹೀಗೆ. ಮನೆಯ ಖರ್ಚು, ಹಾಸ್ಟೆಲ್, ಕಂತು ಕಳೆದು ತಿಂಗಳಿಗೆ ಹತ್ತು ಸಾವಿರದಷ್ಟು ಉಳಿಯುತ್ತಿತ್ತು. ಮೊದಲ ಮೂರು ತಿಂಗಳು ಅದಷ್ಟೂ ಮೂರು ರೂಪಾಯಿ ಬಡ್ಡಿಯ ಕೈಸಾಲಕ್ಕೆ. ಅಷ್ಟು ತಡವಾದದ್ದಕ್ಕೆ ಕಂತಿಗೆ ಸೇರಿಸಬೇಕಾದ್ದು 2,900 ಆಯಿತು, ಹೆಚ್ಚೇನಲ್ಲ. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ಅರ್ಜಿ ಕೊಟ್ಟು ಕಂತು ಏರಿಸಿಕೊಳ್ಳುವುದು. ಬದಲಾಗುವ ಬಡ್ಡಿ ದರದ ಮನೆ ಸಾಲವನ್ನು ವ್ಯಕ್ತಿಗಳು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿರುವುದರಿಂದ ಆ ಚಿಂತೆ ಇಲ್ಲ. ತಿಂಗಳಿಗೆ ಐದು ಸಾವಿರ ಆಪತ್ತಿನ ಹಣವಾಗಿ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ), ಒಂದೂವರೆ ಲಕ್ಷ ಆಗುವವರೆಗೆ. ಉಳಿದ ಎರಡು ಸಾವಿರ ಆಕೆಯ ಹೆಸರಿನ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆಗೆ. ಆಕೆ ಸರ್ಕಾರದ ಅಟಲ್ ಪಿಂಚಣಿ ಯೋಜನೆಯ ಬಗ್ಗೆ ಕೇಳಿದರು, ಆದರೆ ಅದಕ್ಕೆ 40 ವರ್ಷದೊಳಗೇ ಸೇರಬೇಕು. ಪಿಪಿಎಫ್ 15 ವರ್ಷದ್ದು, ಆಕೆಗೆ 60 ತುಂಬುವಾಗ ಕೈಗೆ ಬರುತ್ತದೆ. ಈಗಿನ ಶೇ 7.1 ದರ ಹೀಗೇ ಇದ್ದರೆ ಆರು ಲಕ್ಷ ದಾಟುತ್ತದೆ. ತನ್ನ ಹೆಸರಿನಲ್ಲಿ ಒಂದು ಖಾತೆ ಇರುವುದು ಆಕೆಗೆ ಎಷ್ಟು ದೊಡ್ಡ ಮಾತು ಎಂಬುದು, ಪಾಸ್‌ಬುಕ್ ಎಲ್ಲಿ ಮಾಡಿಸಬೇಕೆಂದು ಮೂರು ಸಲ ಕೇಳಿದಾಗ ಗೊತ್ತಾಯಿತು.

ಸಾಲ ಹಳೆಯ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ಹಣದ ವೆಚ್ಚ ನೋಡಿ ತಾನೇ ನಿಗದಿ ಮಾಡುವ ಬಡ್ಡಿ ದರ) ಪದ್ಧತಿಯದ್ದಾಗಿತ್ತು. 2025ರಲ್ಲಿ ರೆಪೋ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ 6.50ರಿಂದ 5.25ಕ್ಕೆ ಇಳಿದರೂ ಇವರಿಗೆ ಅದರ ಲಾಭ ಪೂರ್ತಿ ತಲುಪಿರಲಿಲ್ಲ. ರೆಪೋಗೆ ಜೋಡಿಸಿದ ದರಕ್ಕೆ ಬದಲಿಸಿಕೊಡಿ ಎಂದು ಕೇಳಲು ಹೇಳಿದೆ. ಅದಕ್ಕೆ ಒಂದಿಷ್ಟು ಶುಲ್ಕ ಇರಬಹುದು, ಆದರೂ ದರ ಮುಕ್ಕಾಲು ಶೇಕಡಾ ಇಳಿದರೆ ಎಂಟು ವರ್ಷದಲ್ಲಿ ಆ ಶುಲ್ಕ ಹೆಚ್ಚೆನಿಸುವುದಿಲ್ಲ. ದರ ಇಳಿದರೂ ಕಂತು ಇಳಿಸಬೇಡಿ ಎಂದು ಒತ್ತಿ ಹೇಳಿದೆ. ಸಾಲ ತೀರಿದರೆ ತೆರಿಗೆ ರಿಯಾಯಿತಿ ಹೋಗುತ್ತದೆ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರಂತೆ. ಇವರ ವರ್ಷದ ಆದಾಯ 12 ಲಕ್ಷಕ್ಕಿಂತ ಎಷ್ಟೋ ಕಡಿಮೆ, ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ.

ಮಾತಿನ ನಡುವೆ ಇನ್ನೊಂದು ವಿಷಯ ಹೊರಬಿತ್ತು. ಪಿಎಫ್‌ಗೆ ನಾಮಿನಿಯಾಗಿ ತೀರಿಹೋದ ತಾಯಿಯ ಹೆಸರೇ ಇತ್ತು. ಸದಸ್ಯರು ಸರ್ವಿಸ್‌ನಲ್ಲಿರುವಾಗ ತೀರಿಕೊಂಡರೆ ಪಿಎಫ್ ಜೊತೆಗಿನ ವಿಮೆಯಿಂದ ಕುಟುಂಬಕ್ಕೆ 7 ಲಕ್ಷದವರೆಗೆ ಬರುತ್ತದೆ. ಹೆಂಡತಿಯ ಹೆಸರು ಸೇರಿಸುವುದನ್ನು ಅಲ್ಲೇ ಕೂತು ಮೊಬೈಲಿನಲ್ಲಿ ಶುರು ಮಾಡಿಸಿದೆ. ನಮ್ಮಲ್ಲಿ ಇದನ್ನು ಕೇಳುವುದೇ ಅಪಶಕುನ ಎಂದು ಸುಮ್ಮನಿರುತ್ತಾರೆ. ದಯವಿಟ್ಟು ಹಾಗೆ ಸುಮ್ಮನಿರಬೇಡಿ.

ಪತ್ರದ ಭಯಕ್ಕೆ ಪತ್ರದಿಂದಲೇ ಉತ್ತರ ಸಿಗಬೇಕಿತ್ತು. ಬ್ಯಾಂಕ್ ಯಾವ ಯಾವ ಮೂಲ ದಾಖಲೆ ಇಟ್ಟುಕೊಂಡಿದೆ ಎಂಬ ಪಟ್ಟಿಯನ್ನು ಸಹಿ ಮೊಹರಿನೊಂದಿಗೆ ಪಡೆಯಲು, ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಕ್ರಯಪತ್ರದ ದೃಢೀಕೃತ ನಕಲು ಮತ್ತು ಇ.ಸಿ. (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಲು ಹೇಳಿದೆ. 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಕೊಡಬೇಕು. "ಅವ್ರ ನಮಗ ಕೊಡಬೇಕಾ?" ಎಂದು ಮತ್ತೆ ಮತ್ತೆ ಕೇಳಿದರು. ಅಪ್ಪನ ಕಾಲದಲ್ಲಿ ದಲ್ಲಾಳಿಯ ಮುಂದೆ ಇಂಥ ಮಾತಿರಲಿಲ್ಲ.

ಐದು ತಿಂಗಳ ನಂತರ ಬಂದಾಗ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಕೈಸಾಲ ತೀರಿದೆ, ಹೊಸ ಕಂತು ಎರಡು ತಿಂಗಳಿಂದ ಹೋಗುತ್ತಿದೆ. ಬ್ಯಾಂಕ್ ಕೊಟ್ಟ ದಾಖಲೆ ಪಟ್ಟಿಯನ್ನು ಅವರು ಅದೇ ಟ್ರಂಕಿನಲ್ಲಿ, ಒತ್ತಿ ಪತ್ರದ ಮೇಲೆ ಇಟ್ಟಿದ್ದಾರಂತೆ. ಒಂದು ಜಗಳ ಮಾತ್ರ ಉಳಿದಿದೆ: ಬರುವ ದೀಪಾವಳಿಯ ಬೋನಸ್. ಅವರು ಪೂರ್ತಿ ಸಾಲಕ್ಕೆ ಅನ್ನುತ್ತಾರೆ, ಆಕೆ ಮೊದಲು ಆಪತ್ತಿನ ಹಣ ತುಂಬಲಿ ಅನ್ನುತ್ತಾರೆ. ನಾನು ಆಕೆಯ ಕಡೆ ನಿಂತೆ. ಅವರು ಇನ್ನೂ ಒಪ್ಪಿಲ್ಲ, ಅಕ್ಟೋಬರ್‌ನಲ್ಲಿ ಮತ್ತೆ ಬರುತ್ತೇವೆ ಎಂದಿದ್ದಾರೆ.