ಓದುಗರ ಪ್ರಶ್ನೆ: ಈಸ್ಟರ್ ಮೊಟ್ಟೆ ಹುಡುಕಾಟ, ಮಕ್ಕಳು ಅಳದ ಹಾಗೆ

ಈಸ್ಟರ್ ಹತ್ತಿರವಾಗುತ್ತಿದ್ದಂತೆ ಮಕ್ಕಳ ಮೊಟ್ಟೆ ಹುಡುಕಾಟದ (ದೊಡ್ಡವರು ಬಚ್ಚಿಟ್ಟ ಬಣ್ಣದ ಮೊಟ್ಟೆಗಳನ್ನು, ಇಲ್ಲವೆ ಒಳಗೆ ಉಡುಗೊರೆ ಇಟ್ಟ ಪ್ಲಾಸ್ಟಿಕ್ ಮೊಟ್ಟೆಗಳನ್ನು ಮಕ್ಕಳು ಹುಡುಕುವ ಆಟ) ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ತೆರನಾದವನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹಬ್ಬಕ್ಕೆ ನಮ್ಮ ಮನೆಯಲ್ಲಿ ಏಳು ಮಕ್ಕಳು ಸೇರುತ್ತಾರೆ. ಚಿಕ್ಕವಳಿಗೆ 3 ವರ್ಷ, ದೊಡ್ಡವನಿಗೆ 11. ಹೋದ ಸಲ ದೊಡ್ಡವರಿಬ್ಬರೇ ಮುಕ್ಕಾಲು ಪಾಲು ಮೊಟ್ಟೆ ಬಾಚಿಕೊಂಡರು, ಉಳಿದವರು ಅತ್ತರು. ಈ ಸಲ ಏನು ಮಾಡಲಿ? ಎಷ್ಟು ಮೊಟ್ಟೆ ಬೇಕಾಗುತ್ತದೆ?

ಉತ್ತರ: ದೊಡ್ಡವರನ್ನು ಬೈದು ಪ್ರಯೋಜನವಿಲ್ಲ. ಎಲ್ಲ ಮೊಟ್ಟೆ ಎಲ್ಲರಿಗೂ ಎಂದು ಬಿಟ್ಟರೆ ಕಾಲು ಉದ್ದ ಇರುವವರೇ ಗೆಲ್ಲುವುದು. ಮಗುವಿಗೊಂದು ಗುರುತು ಕೊಡಿ. ಪ್ರತಿ ಮಗು ತನ್ನ ಗುರುತಿನ ಮೊಟ್ಟೆಯನ್ನು ಮಾತ್ರ ತೆಗೆಯಬೇಕು, ಬೇರೆಯವರದು ಕಣ್ಣಿಗೆ ಬಿದ್ದರೆ ಬಾಯಿ ಬಿಡಬಾರದು. ಬಾಯಿ ಬಿಡದಿರುವುದೇ ಮಕ್ಕಳಿಗೆ ಇನ್ನೊಂದು ಆಟ. ಬಣ್ಣವನ್ನೇ ಗುರುತು ಮಾಡಿಕೊಳ್ಳಬಹುದು. ಆದರೆ ಏಳು ಬೇರೆ ಬೇರೆ ಬಣ್ಣ ಸಿಗುವುದು ಕಷ್ಟ, ಕೆಂಪು–ಹಸಿರು ವ್ಯತ್ಯಾಸ ಕಾಣದ ಮಕ್ಕಳೂ ಇರುತ್ತಾರೆ. ನಕ್ಷತ್ರ, ಮೀನು, ಎಲೆ ಹೀಗೆ ಸ್ಟಿಕ್ಕರ್ ಅಂಟಿಸಿದರೆ ಎರಡೂ ತೊಂದರೆ ತಪ್ಪುತ್ತದೆ.

ಲೆಕ್ಕ ಹೀಗಿಟ್ಟುಕೊಳ್ಳಿ: ಮಗುವಿಗೆ 10ರಿಂದ 12 ಮೊಟ್ಟೆ, ನಾಲ್ಕು ವರ್ಷದೊಳಗಿನವರಿಗೆ 6ರಿಂದ 8 ಸಾಕು. ನಿಮ್ಮ ಏಳು ಮಕ್ಕಳಿಗೆ ಒಟ್ಟು 70ರ ಆಸುಪಾಸು. ಇದಕ್ಕಿಂತ ಹೆಚ್ಚಿದ್ದರೆ ಕೊನೆಕೊನೆಗೆ ಮಕ್ಕಳಿಗೆ ಬೇಸರ ಬರುತ್ತದೆ, ಬಚ್ಚಿಡುವವರ ಸೊಂಟವೂ ಬೀಳುತ್ತದೆ.

ಇನ್ನು ಬಚ್ಚಿಡುವ ಕೆಲಸ. ಆಟ ಗೆಲ್ಲುವುದೂ ಸೋಲುವುದೂ ಇಲ್ಲೇ, ಆದ್ದರಿಂದ ಬಣ್ಣ ಅಲಂಕಾರಕ್ಕಿಂತ ಹೆಚ್ಚಿನ ಹೊತ್ತನ್ನು ಇದಕ್ಕೆ ಮೀಸಲಿಡಿ. 3–4 ವರ್ಷದವರ ಮೊಟ್ಟೆಯನ್ನು ಬಚ್ಚಿಡುವುದೇ ಬೇಡ, ಹುಲ್ಲಿನ ಮೇಲೆ, ಮೆಟ್ಟಿಲ ಮೂಲೆಯಲ್ಲಿ ಪೂರ್ತಿ ಕಾಣುವಂತೆ, ಅವರ ಮೊಣಕಾಲಿನ ಮಟ್ಟದಲ್ಲಿ ಇಡಿ. 5ರಿಂದ 7ರವರಿಗೆ ಅರ್ಧ ಕಾಣುವಂತಿರಲಿ: ಹೂಕುಂಡದ ಹಿಂದೆ, ಬೆಂಚಿನ ಕಾಲಿನ ಪಕ್ಕ. 8 ದಾಟಿದವರದನ್ನು ಪೂರ್ತಿ ಮರೆಮಾಡಬಹುದು, ಅದರಲ್ಲೂ ಬಣ್ಣಕ್ಕೆ ಬಣ್ಣ ಬೆರೆಸಿ. ಹಸಿರು ಮೊಟ್ಟೆ ಹಸಿರು ಪೊದೆಯ ನಡುವೆ ಇದ್ದರೆ ಕಣ್ಣೆದುರಿದ್ದೂ ಕಾಣುವುದಿಲ್ಲ. ದೊಡ್ಡ ಮಕ್ಕಳು ಮೊದಲು ನೆಲವನ್ನೇ ಜಾಲಾಡುತ್ತಾರೆ, ಎದೆಮಟ್ಟಕ್ಕೆ ಇಟ್ಟದ್ದು ಅವರಿಗೆ ತಡವಾಗಿ ಸಿಗುತ್ತದೆ. ಕೈ ಎತ್ತಿದರೆ ಎಟುಕುವಷ್ಟೇ ಎತ್ತರ ಇರಲಿ. ಅದಕ್ಕಿಂತ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟರೂ ಮಕ್ಕಳು ಹತ್ತಲು ಶುರುಮಾಡುತ್ತಾರೆ.

ಚಿಕ್ಕವರನ್ನು ನಾಲ್ಕೈದು ನಿಮಿಷ ಮೊದಲೇ ಬಿಡಿ. ತನ್ನ ಲೆಕ್ಕ ಮುಗಿಸಿದ ದೊಡ್ಡ ಮಗು ಚಿಕ್ಕವರಿಗೆ ಸಹಾಯ ಮಾಡಬಹುದು, ಆದರೆ ‘ಹತ್ತಿರ’, ‘ದೂರ’ ಎಂದು ಹೇಳುವುದಷ್ಟೇ, ಕೈ ಹಾಕುವಂತಿಲ್ಲ.

ಪ್ರಶ್ನೆ: ಎರಡೂವರೆ ವರ್ಷದ ಮಗ ಮೊದಲ ಮೊಟ್ಟೆ ಸಿಕ್ಕಿದ ಕೂಡಲೇ ಅಲ್ಲೇ ಕೂತುಬಿಡುತ್ತಾನೆ. ಮುಂದಕ್ಕೆ ಹೋಗುವುದೇ ಇಲ್ಲ.

ಉತ್ತರ: ಒಳಗೆ ಏನೋ ಇದೆ ಎಂದು ಗೊತ್ತಾದ ಮೇಲೆ ಯಾರು ತಾನೇ ಮುಂದಕ್ಕೆ ಹೋಗುತ್ತಾರೆ? ಕೂತು, ಎರಡು ಹೋಳು ಮಾಡಿ, ಒಳಗಿನದನ್ನು ತೆಗೆದು, ಮತ್ತೆ ಮುಚ್ಚಲು ಬಾರದೆ ಅಮ್ಮನ ಕೈಗೆ ಕೊಟ್ಟು, ಮುಚ್ಚಿಸಿಕೊಂಡು ಮತ್ತೆ ತೆರೆಯುವುದು ಆ ವಯಸ್ಸಿಗೆ ಪೂರ್ತಿ ಒಂದು ಆಟ. ತಡೆಯಬೇಡಿ. ಓಡಾಡಿಸಲೇಬೇಕೆಂದಿದ್ದರೆ ಅವನ ಮೊಟ್ಟೆಗಳನ್ನು ಖಾಲಿ ಇಟ್ಟು ಪೇಪರ್ ಟೇಪ್ ಸುತ್ತಿಬಿಡಿ, ಉಡುಗೊರೆಯನ್ನು ಕೊನೆಗೆ ಒಟ್ಟಿಗೆ ಕೊಡಿ. ಬುಟ್ಟಿಯ ಬದಲು ಹಿಡಿಯಿರುವ ಬಟ್ಟೆಚೀಲ ಕೊಡಿ. ಈ ವಯಸ್ಸಿನವರು ಬಗ್ಗಿದಾಗ ಬುಟ್ಟಿಯೂ ಬಗ್ಗುತ್ತದೆ, ಇದ್ದದ್ದೆಲ್ಲ ಚೆಲ್ಲುತ್ತದೆ.

ಪ್ರಶ್ನೆ: ನಿಜವಾದ ಮೊಟ್ಟೆಗೇ ಬಣ್ಣ ಹಾಕಬೇಕೆಂದಿದ್ದೇವೆ. ಬೇಯಿಸುವಾಗ ಬಿರುಕು ಬಿಡುತ್ತವೆ, ಬಣ್ಣ ಚುಕ್ಕೆಚುಕ್ಕೆಯಾಗಿ ಹಿಡಿಯುತ್ತದೆ. ಹುಡುಕಾಟ ಮುಗಿದ ಮೇಲೆ ಅವನ್ನು ತಿನ್ನಬಹುದೇ?

ಉತ್ತರ: ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಒಳಗಿನ ಗಾಳಿ ಥಟ್ಟನೆ ಹಿಗ್ಗಿ ಚಿಪ್ಪು ಸೀಳುತ್ತದೆ. ಅಗಲ ಪಾತ್ರೆಯಲ್ಲಿ ಒಂದೇ ಪದರವಾಗಿ ಜೋಡಿಸಿ, ಮೊಟ್ಟೆಯ ಮೇಲೆ ಎರಡು ಬೆರಳಿನಷ್ಟು ನಿಲ್ಲುವಂತೆ ತಣ್ಣೀರು ಹಾಕಿ, ಒಲೆ ಹಚ್ಚಿ. ನೀರು ಚೆನ್ನಾಗಿ ಕುದಿ ಬಂದ ಕೂಡಲೇ ಆರಿಸಿ, ಮುಚ್ಚಳ ಮುಚ್ಚಿ 12 ನಿಮಿಷ ಬಿಡಿ. ಆಮೇಲೆ ತಣ್ಣೀರಿಗೆ ಹಾಕಿ. ಇನ್ನೂ ಹೊತ್ತು ಬೇಯಿಸಿದರೆ ಭಂಡಾರದ (ಹಳದಿ ಭಾಗದ) ಸುತ್ತ ಹಸಿರು ಮಿಶ್ರಿತ ಬೂದು ಉಂಗುರ ಕಟ್ಟುತ್ತದೆ. ಅದು ಭಂಡಾರದ ಕಬ್ಬಿಣ, ಬಿಳಿಯ ಭಾಗದ ಗಂಧಕ ಸೇರಿ ಆದದ್ದು, ಅಪಾಯವೇನಿಲ್ಲ.

ಬಣ್ಣಕ್ಕೆ ಪ್ರತಿ ಲೋಟದಲ್ಲೂ ಅರ್ಧ ಕಪ್ ಬಿಸಿನೀರು, ಒಂದು ಟೀ ಚಮಚ ಬಿಳಿ ವಿನೆಗರ್, ತಿನ್ನುವ ಬಣ್ಣದ 10ರಿಂದ 20 ಹನಿ. ಐದು ನಿಮಿಷ ಮುಳುಗಿಸಿಟ್ಟರೆ ಸಾಕು. ವಿನೆಗರ್‌ನ ಹುಳಿ ಚಿಪ್ಪಿನ ಸುಣ್ಣದಂಶವನ್ನು ಸ್ವಲ್ಪ ಕೆರೆದು ಬಣ್ಣ ಹಿಡಿಯುವಂತೆ ಮಾಡುತ್ತದೆ. ಚೆನ್ನಾಗಿ ಹಿಡಿಯಲಿ ಎಂದು ವಿನೆಗರ್ ಸುರಿದರೆ ಗುಳ್ಳೆ ಎದ್ದು ಮೇಲ್ಮೈ ಒರಟಾಗುತ್ತದೆ. ನಿಮ್ಮ ಚುಕ್ಕೆಗಳಿಗೆ ಕಾರಣ ಬಹುಶಃ ಕೈಯ ಜಿಡ್ಡು. ಬೆಂದ ಮೊಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಚಮಚದಲ್ಲೇ ಎತ್ತಿ ಇಳಿಸಿ.

ಅಡುಗೆಮನೆಯ ಬಣ್ಣಗಳೇ ಸಾಕು ಎನ್ನುವವರಿಗೆ: ಹತ್ತು–ಹನ್ನೆರಡು ಈರುಳ್ಳಿಯ ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿದರೆ ಕಿತ್ತಳೆ–ಕಂದು, ಅರಿಶಿನದಿಂದ ಹಳದಿ. ನೇರಳೆ ಎಲೆಕೋಸನ್ನು ಹೆಚ್ಚಿ ಕುದಿಸಿದ ನೀರು ನೋಡಲು ನೇರಳೆ, ಆದರೆ ಅದರಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟ ಬಿಳಿ ಮೊಟ್ಟೆ ಬೆಳಗ್ಗೆ ನೀಲಿಯಾಗಿರುತ್ತದೆ. ಮಕ್ಕಳಿಗೆ ತೋರಿಸಬೇಕಾದ್ದು ಇದು. ಲೀಟರಿಗೆ ಎರಡು ದೊಡ್ಡ ಚಮಚ ವಿನೆಗರ್ ಇವಕ್ಕೂ ಬೇಕು. ಬೀಟ್‌ರೂಟ್ ನಂಬಬೇಡಿ, ತಿಕ್ಕಿದರೆ ಸಲೀಸಾಗಿ ಬಿಡುತ್ತದೆ. ಕಂದು ಚಿಪ್ಪಿನ ಮೊಟ್ಟೆಗೆ ತೆಳು ಬಣ್ಣ ಕಾಣುವುದಿಲ್ಲ. ಪೂರ್ತಿ ಒಣಗಿದ ಮೇಲೆ ಒಂದು ಹನಿ ಅಡುಗೆ ಎಣ್ಣೆ ಸವರಿದರೆ ಹೊಳಪು ಬರುತ್ತದೆ.

ತಿನ್ನುವ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಬೇಯಿಸಿದಾಗ ಚಿಪ್ಪಿನ ಹೊರಗಿನ ರಕ್ಷಣಾ ಲೇಪ ಹೋಗುತ್ತದೆ, ಸೂಕ್ಷ್ಮ ರಂಧ್ರಗಳಿಂದ ರೋಗಾಣು ಒಳಗೆ ಹೋಗಲು ದಾರಿಯಾಗುತ್ತದೆ. ಬೆಂದ ಮೊಟ್ಟೆ ಫ್ರಿಜ್‌ನ ಹೊರಗೆ ಒಟ್ಟು 2 ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಬಣ್ಣ ಹಾಕಿದ ಹೊತ್ತು, ಬಚ್ಚಿಟ್ಟ ಹೊತ್ತು, ಹುಡುಕಿದ ಹೊತ್ತು ಎಲ್ಲವನ್ನೂ ಇದರಲ್ಲೇ ಕೂಡಿಸಬೇಕು. ಬಿರುಕು ಬಿಟ್ಟದ್ದನ್ನು, ಮಣ್ಣಾದದ್ದನ್ನು, ಸಾಕುಪ್ರಾಣಿ ಮೂಸಿದ್ದನ್ನು ಎಸೆಯಿರಿ. ಇಷ್ಟೆಲ್ಲ ಲೆಕ್ಕ ಯಾರಿಗೆ ಬೇಕು ಎನಿಸಿದರೆ ಎರಡು ತಂಡ ಮಾಡಿ: ತಿನ್ನುವವು ಫ್ರಿಜ್‌ನಲ್ಲೇ ಇರಲಿ (ಒಂದು ವಾರದೊಳಗೆ ಮುಗಿಸಿ), ಬಚ್ಚಿಡಲು ಪ್ಲಾಸ್ಟಿಕ್ ಅಥವಾ ಮರದ ಮೊಟ್ಟೆ. ಸುಲಭದ ದಾರಿ ಇದೇ.

ಪ್ರಶ್ನೆ: ಪ್ಲಾಸ್ಟಿಕ್ ಮೊಟ್ಟೆಯೊಳಗೆ ಚಾಕೊಲೇಟ್ ಬಿಟ್ಟು ಬೇರೇನು ಹಾಕಬಹುದು?

ಉತ್ತರ: ಸ್ಟಿಕ್ಕರ್, ರಬ್ಬರ್, ತುಂಡು ಬಳಪ, ಹೂವಿನ ಬೀಜ, ಕೂದಲಿನ ಕ್ಲಿಪ್. ಇವೆಲ್ಲಕ್ಕಿಂತ ಮಕ್ಕಳು ಜೋಪಾನವಾಗಿ ಇಟ್ಟುಕೊಳ್ಳುವುದು ಚೀಟಿಗಳನ್ನು: ‘ಇವತ್ತು ಮಲಗುವಾಗ ಒಂದು ಕಥೆ ಜಾಸ್ತಿ’, ‘ರಾತ್ರಿ ಊಟ ಏನೆಂದು ನೀನೇ ಹೇಳು’. ಬರೆದು ಕೊಟ್ಟರೆ ನಡೆಸಿಕೊಡಲೇಬೇಕು, ಅದು ನೆನಪಿರಲಿ.

ಮೂರು ವರ್ಷದೊಳಗಿನವರಿದ್ದರೆ ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ತೆಗೆದುಕೊಳ್ಳಿ. ಅದರೊಳಗೆ ತೂರುವ ಯಾವ ವಸ್ತುವೂ ಆ ಮಗುವಿನ ಗಂಟಲಿಗೆ ಅಪಾಯ. ಗಟ್ಟಿ ಮಿಠಾಯಿ, ಕಡಲೆಬೀಜ, ಇಡೀ ದ್ರಾಕ್ಷಿ, ನಾಣ್ಯ, ಬಲೂನು ಬೇಡ. ಬಟನ್ ಬ್ಯಾಟರಿ ಇರುವ ಆಟಿಕೆ, ಸಣ್ಣ ಅಯಸ್ಕಾಂತ ಇವನ್ನು ಯಾವ ವಯಸ್ಸಿನವರ ಮೊಟ್ಟೆಗೂ ಹಾಕಬೇಡಿ, ದೊಡ್ಡವರದು ಚಿಕ್ಕವರ ಕೈಗೆ ಹೋಗಲು ಎಷ್ಟು ಹೊತ್ತು! ಬೇರೆ ಮನೆಯ ಮಕ್ಕಳು ಬರುವುದಾದರೆ ನೆಲಗಡಲೆ, ಹಾಲು ಆಗದವರು ಇದ್ದಾರೆಯೇ ಎಂದು ಮೊದಲೇ ಕೇಳಿ.

ಚಾಕೊಲೇಟ್ ಹಾಕುವುದಾದರೆ ಕೊನೆಯ ಗಳಿಗೆಯಲ್ಲಿ ಹಾಕಿ ನೆರಳಿನಲ್ಲಿಡಿ, 30 ಡಿಗ್ರಿ ದಾಟಿತೆಂದರೆ ಮೆತ್ತಗಾಗತೊಡಗುತ್ತದೆ. ಪ್ಲಾಸ್ಟಿಕ್ ಮೊಟ್ಟೆಗಳ ತುದಿಯಲ್ಲಿ ಸೂಜಿತೂತುಗಳಿರುವುದು ಸಾಮಾನ್ಯ, ಇರುವೆಗಳಿಗೆ ಅಷ್ಟೇ ಸಾಕು. ಸಿಹಿಯನ್ನು ಕಾಗದ ಸಮೇತ ಹಾಕಿ.

ಪ್ರಶ್ನೆ: 10–12 ವರ್ಷದವರು ‘ಇದು ಚಿಕ್ಕ ಮಕ್ಕಳ ಆಟ’ ಎಂದು ಮೂಗು ಮುರಿಯುತ್ತಾರೆ.

ಉತ್ತರ: ಅವರಿಗೆ ಹುಡುಕುವ ಕೆಲಸ ಕೊಡಬೇಡಿ, ಬಿಡಿಸುವ ಕೆಲಸ ಕೊಡಿ. ಆರರಿಂದ ಎಂಟು ಮೊಟ್ಟೆ, ಪ್ರತಿಯೊಂದರಲ್ಲೂ ಮುಂದಿನ ಜಾಗದ ಒಗಟು. ಬಟ್ಟೆ ಒಗೆಯುವ ಯಂತ್ರಕ್ಕೆ ‘ಹೊಟ್ಟೆ ತುಂಬ ಬಟ್ಟೆ, ಉಡೋಕೆ ಒಂದಿಲ್ಲ, ಗಿರಗಿರ ತಿರುಗಿದರೂ ಊರು ಬಿಟ್ಟು ಹೋಗೋಲ್ಲ’, ಕುರ್ಚಿಗೆ ‘ಕಾಲು ನಾಲ್ಕು, ನಡೆಯೋಲ್ಲ, ಬೆನ್ನು ಉಂಟು, ಮಲಗೋಲ್ಲ’. ಬರೆಯುವಾಗ ಕೊನೆಯ ಜಾಗದಿಂದ ಹಿಂದಕ್ಕೆ ಬನ್ನಿ. ಮೊದಲಿಂದ ಬರೆದುಕೊಂಡು ಹೋದರೆ ಯಾವ ಚೀಟಿ ಯಾವ ಮೊಟ್ಟೆಗೆ ಎಂಬುದೇ ಗೋಜಲಾಗುತ್ತದೆ.

ಈ ಆಟ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ನಡುವಿನ ಒಂದು ಮೊಟ್ಟೆಯನ್ನು ಯಾವುದೋ ಚಿಕ್ಕದು ಎತ್ತಿಕೊಂಡು ಹೋಗಿರುತ್ತದೆ, ಸರಪಳಿ ಅಲ್ಲಿಗೇ ತುಂಡು. ಒಗಟಿನ ಮೊಟ್ಟೆಗಳು ಎಲ್ಲರದಕ್ಕಿಂತ ಬೇರೆ ಬಣ್ಣದವಾಗಿರಲಿ, ಚೀಟಿಗಳ ನಕಲು ನಿಮ್ಮ ಜೇಬಿನಲ್ಲಿರಲಿ. ಒಂದೇ ಒಗಟಿಗೆ ಮೂರು ನಿಮಿಷ ಹಿಡಿದರೆ ಸುಳಿವು ಕೊಟ್ಟುಬಿಡಿ.

ದೊಡ್ಡವರೇ ಮೂರ್ನಾಲ್ಕು ಮಂದಿ ಇದ್ದು ಪೈಪೋಟಿ ಜಗಳಕ್ಕೆ ತಿರುಗುವುದಾದರೆ ಒಂದು ಚಿತ್ರವನ್ನು 12 ತುಂಡು ಮಾಡಿ 12 ಮೊಟ್ಟೆಗೆ ಹಾಕಿ. ಎಲ್ಲರೂ ತಂದದ್ದನ್ನು ಜೋಡಿಸಿದಾಗ ಮಾತ್ರ ಉಡುಗೊರೆ ಎಲ್ಲಿದೆಯೆಂಬ ನಕ್ಷೆ ಕಾಣಬೇಕು. ಒಬ್ಬನೇ ಹತ್ತು ತುಂಡು ತಂದರೂ ಉಳಿದೆರಡು ಇಲ್ಲದೆ ಏನೂ ನಡೆಯುವುದಿಲ್ಲ.

ಪ್ರಶ್ನೆ: ಅಂಗಳವಿಲ್ಲ, ಎರಡು ಕೋಣೆಯ ಮನೆ. ಆಗುತ್ತದೆಯೇ?

ಉತ್ತರ: ಧಾರಾಳವಾಗಿ. ಕೋಣೆಗೆ ಇಷ್ಟು ಮೊಟ್ಟೆ ಎಂದು ಬಾಗಿಲಿಗೇ ಚೀಟಿ ಅಂಟಿಸಿ, ಅಷ್ಟು ಸಿಕ್ಕಿದ ಮೇಲೆ ಆ ಕೋಣೆ ಮುಗಿಯಿತು. ಇಲ್ಲದಿದ್ದರೆ ಇಡೀ ಮನೆ ತಲೆಕೆಳಗಾಗುತ್ತದೆ. ಪರದೆಯ ಮಡಿಕೆ, ದಿಂಬಿನ ಚೀಲ, ಚಪ್ಪಲಿಯೊಳಗೆ, ಪುಸ್ತಕಗಳ ಹಿಂದೆ ಇಡಬಹುದು. ಅಡುಗೆಮನೆ, ಸ್ನಾನದಮನೆಗೆ ಬಾಗಿಲು ಹಾಕಿ. ಒಲೆ, ಔಷಧಿ, ವಿದ್ಯುತ್ ಪ್ಲಗ್ಗಿನ ಸುತ್ತ ಎಲ್ಲೂ ಇಡಬೇಡಿ. ಹೊರಗೆ ಆಡುವವರಿಗೂ ಇಂಥದೇ ಮಾತು: ನೀರಿನ ತೊಟ್ಟಿ, ಮುಳ್ಳುಗಿಡ, ವಾಹನ ಓಡಾಡುವ ಕಡೆ ಬೇಡ. ನೆಲದ ಬಿಲ, ಕಲ್ಲಿನ ಸಂದಿಗೆ ಕೈ ಹಾಕಬಾರದೆಂದು ಮೊದಲೇ ಹೇಳಿ, ಗಡಿಗೆ ಹಗ್ಗ ಕಟ್ಟಿಬಿಡಿ.

ಪ್ರಶ್ನೆ: ಈಸ್ಟರ್ ತಾರೀಕು ಪ್ರತಿ ವರ್ಷ ಬದಲಾಗುವುದೇಕೆ? ಮೊಟ್ಟೆಗೂ ಮೊಲಕ್ಕೂ ಏನು ಸಂಬಂಧ?

ಉತ್ತರ: ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ (ಚರ್ಚಿನ ಪಂಚಾಂಗದ ಪ್ರಕಾರ) ಕಳೆದ ಮೊದಲ ಭಾನುವಾರ ಈಸ್ಟರ್. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಆಗಬಹುದು: 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಹೆಚ್ಚಿನ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳ ಲೆಕ್ಕ ಹಳೆಯ ಜೂಲಿಯನ್ ಪಂಚಾಂಗದ್ದು, ಅವರಿಗೆ 2026ರಲ್ಲಿ ಏಪ್ರಿಲ್ 12. ಮಧ್ಯಯುಗದ ಯುರೋಪಿನಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗಳಿಗೆ ಆ ನಿಯಮವಿಲ್ಲವಲ್ಲ, ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ! ಮೊಟ್ಟೆ ಬಚ್ಚಿಡುವ ಮೊಲ ಬಂದದ್ದು ಜರ್ಮನ್ ನಾಡುಗಳಿಂದ, 1682ರ ಹೊತ್ತಿಗೇ ಅದರ ಬರಹದ ದಾಖಲೆ ಇದೆ.

ಪ್ರಶ್ನೆ: ಪ್ರತಿ ಸಲವೂ ನಾಲ್ಕೈದು ಮೊಟ್ಟೆ ಸಿಗುವುದೇ ಇಲ್ಲ. ಎಲ್ಲಿಟ್ಟೆವೆಂದು ನಮಗೇ ಮರೆತಿರುತ್ತದೆ.

ಉತ್ತರ: ಇಬ್ಬರು ಮೂವರು ಸೇರಿ ಬಚ್ಚಿಟ್ಟಾಗ ಹೀಗಾಗುವುದೇ ಹೆಚ್ಚು. ಜಾಗವನ್ನು ಹಂಚಿಕೊಳ್ಳಿ, ಒಬ್ಬರ ಭಾಗಕ್ಕೆ ಇನ್ನೊಬ್ಬರು ಹೋಗಬೇಡಿ. ಒಂದೊಂದು ಮೊಟ್ಟೆ ಇಟ್ಟಾಗಲೂ ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ತೀರ ಹತ್ತಿರದಿಂದ ತೆಗೆದರೆ ಬರೀ ಎಲೆ ಕಾಣುತ್ತದೆ, ಯಾವ ಗಿಡವೆಂದು ಗೊತ್ತಾಗುವುದಿಲ್ಲ. ಮಕ್ಕಳು ಮೊಟ್ಟೆ ತೆರೆಯಲು ಕೂರುವ ಮೊದಲೇ ಚೀಲದಲ್ಲಿರುವುದನ್ನು ಎಣಿಸಿ. ತೆರೆದ ಮೇಲೆ ಹೋಳುಗಳು ಬೆರೆತು ಲೆಕ್ಕ ಸಿಗುವುದಿಲ್ಲ. ಮನೆಯಲ್ಲಿ ನಾಯಿಯಿದ್ದರೆ ಲೆಕ್ಕ ಸರಿಯಾಗುವವರೆಗೆ ಅದನ್ನು ಅಂಗಳಕ್ಕೆ ಬಿಡಬೇಡಿ. ಚಾಕೊಲೇಟ್, ಒಣದ್ರಾಕ್ಷಿ, ಸಕ್ಕರೆಯಿಲ್ಲದ ಮಿಠಾಯಿಯಲ್ಲಿ ಬಳಸುವ ಜೈಲಿಟಾಲ್ ಮೂರೂ ನಾಯಿಗೆ ವಿಷ. ಪ್ಲಾಸ್ಟಿಕ್ ಮೊಟ್ಟೆ ಕಚ್ಚಿ ಒಡೆಯುವುದು ಅದಕ್ಕೆ ಕಷ್ಟವೇನಲ್ಲ. ತಿಂದಿತೆಂಬ ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ಏನು ತಿಂದಿತು, ಸುಮಾರು ಎಷ್ಟು, ನಾಯಿಯ ತೂಕ ಎಷ್ಟು ಎಂದು ಅವರು ಕೇಳುತ್ತಾರೆ. ಮಿಠಾಯಿಯ ಹೊದಿಕೆ ಸಿಕ್ಕರೆ ಅದನ್ನು ಕೈಯಲ್ಲಿಟ್ಟುಕೊಂಡೇ ಮಾತಾಡಿ.