ದಿನಾ ಹಾಸನಕ್ಕೆ ಹೋಗಿಬರಲು ಸ್ವಿಫ್ಟಾ, ಐ20 ಎನ್ ಲೈನಾ?

ನಮಸ್ಕಾರ. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ದಿನಾ ಹಾಸನಕ್ಕೆ ಹೋಗಿಬರಬೇಕು, ಭಾನುವಾರ ತೋಟದ ಮನೆಗೂ ಇದೇ ಕಾರು ಹೋಗಬೇಕು, ಓಡಿಸೋಕೆ ಮಜಾನೂ ಇರಬೇಕು ಅಂತ ಕೇಳಿದ್ದೀರಿ.

ಮಾರುತಿ ಸ್ವಿಫ್ಟ್, ಹ್ಯುಂಡೈ ಐ20ರ ಸ್ಪೋರ್ಟಿ ಮಾದರಿ ಎನ್ ಲೈನ್, ಎರಡನ್ನೂ ಚಾರ್ಮಾಡಿ ಘಾಟಿಯಲ್ಲಿ ಓಡಿಸಿದ್ದೇನೆ. ಎನ್ ಲೈನ್‌ನಲ್ಲಿ 1 ಲೀಟರ್ ಟರ್ಬೊ ಇಂಜಿನ್, 120 ಪಿಎಸ್ (ಅಂದರೆ ಅಶ್ವಶಕ್ತಿ). ನಮ್ಮೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ ಅಲ್ವಾ? ಇಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಇಂಜಿನ್ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟ ಕಡಿಮೆ. ಏರಿನಲ್ಲಿ ಲಾರಿ ಹಿಂದಿಕ್ಕುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವುದು ಇಳಿಜಾರಿನಲ್ಲಿ ಧೈರ್ಯ ಕೊಡುತ್ತದೆ.

ಆದರೆ ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲೇ ಎಳೆಯಬೇಡಿ. ಟರ್ಬೊ ಏಳುವ ಮೊದಲು ಗಾಡಿ ಸುಸ್ತಾಗುತ್ತದೆ, ಸುಮ್ನೆ ಒಂದನೇ ಗೇರಿಗೆ ಬನ್ನಿ. ಸಸ್ಪೆನ್ಷನ್ ಗಟ್ಟಿ, ಹಿಂದೆ ಕೂತವರಿಗೆ ಗುಂಡಿಗಳೆಲ್ಲ ಗೊತ್ತಾಗುತ್ತವೆ.

ಸ್ವಿಫ್ಟ್‌ಗೆ ಟರ್ಬೊ ಇಲ್ಲ, 82 ಪಿಎಸ್ ಅಷ್ಟೆ. ಆದರೆ ತೂಕ ಸಾವಿರ ಕೆಜಿಗೂ ಕಡಿಮೆ, ಹಾಗಾಗಿ ಬೇಲೂರು ರಸ್ತೆಯ ತಿರುವುಗಳಲ್ಲಿ ಚುರುಕಾಗಿ ತಿರುಗುತ್ತದೆ. ಬೆಲೆಯೂ ಪೆಟ್ರೋಲ್ ಖರ್ಚೂ ಕಡಿಮೆ. ನೆಲದಿಂದ ಎತ್ತರ 163 ಮಿಮೀ. ಮಳೆಗಾಲದಲ್ಲಿ ತೋಟದ ದಾರಿಯ ಚಕ್ರದ ಜಾಡು ಆಳವಾದರೆ ತಳ ತಾಗುತ್ತದೆ.

ದಿನಕ್ಕೆ ಹೆಚ್ಚುಕಡಿಮೆ 120 ಕಿಮೀ ಓಡಿಸುವ ನಿಮಗೆ ನಾನು ಸ್ವಿಫ್ಟ್ ಅನ್ನೇ ಹೇಳುತ್ತೇನೆ. ಉಳಿದ ದುಡ್ಡಿನಲ್ಲಿ ಮಳೆಗಾಲಕ್ಕೆ ಮೊದಲು ನಾಲ್ಕು ಒಳ್ಳೆಯ ಟೈರ್ ಹಾಕಿಸಿ. ಟೆಸ್ಟ್ ಡ್ರೈವ್‌ಗೆ ಮುಳ್ಳಯ್ಯನಗಿರಿ ದಾರಿಯ ಕೈಮರದ ಏರು ಕೇಳಿ, ಮನೆಯವರನ್ನು ಹಿಂದೆ ಕೂರಿಸಿಕೊಂಡೇ ಹೋಗಿ.